‘ಸೆವೆರಲಿ’ ಅಂದ್ರೆ ತಲಾ ಅಲ್ಲ

ಈ ವಾರ ಕೂಳೆ ಕಬ್ಬು, ಗೊಣ್ಣೆಹುಳ, ನಾಲೆ ನೀರು ಯಾವುದನ್ನೂ ಬರೀತಿಲ್ಲ. ಒಂದೇ ಒಂದು ಇಂಗ್ಲಿಷ್ ಪದದ ವಿಷಯ. ನಮ್ಮಲ್ಲಿ ಅರ್ಧಕ್ಕರ್ಧ ಜನ ಈ ಪದದ ಕೆಳಗೆ ಸಹಿ ಹಾಕಿದ್ದೀವಿ, ಕೆಲವರು ಹೆಬ್ಬೆಟ್ಟು ಒತ್ತಿದ್ದೀವಿ. ಓದಿದವರು ಮಾತ್ರ ಕಮ್ಮಿ. ಉದ್ದ ಆಗುತ್ತೆ, ಹಾಲು ಹಾಕಿ ಬಂದು ಕೂತು ಓದಿ.

ಪದ ‘ಸೆವೆರಲಿ’. ಒಂಟಿಯಾಗಿ ಎಲ್ಲೂ ಸಿಗಲ್ಲ. ಯಾವಾಗಲೂ ಜೋಡೆತ್ತಿನ ಹಾಗೆ ಬರುತ್ತೆ: ‘ಜಾಯಿಂಟ್ಲಿ ಅಂಡ್ ಸೆವೆರಲಿ’. ಬ್ಯಾಂಕಿನ ಸಾಲದ ಪತ್ರ, ಜಾಮೀನು ಪತ್ರ, ಇಬ್ಬರು ಮೂವರು ಸೇರಿ ಬರೆದುಕೊಟ್ಟ ಪ್ರೊನೋಟು, ಎಲ್ಲದರಲ್ಲೂ ಇರುತ್ತೆ. ಕನ್ನಡದಲ್ಲಿ ಅಚ್ಚು ಮಾಡಿಸಿರೋ ಪತ್ರ ಆದ್ರೆ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆಗಾರರಾಗಿರುತ್ತೇವೆ’ ಅಂತ ಇರುತ್ತೆ. ಮಾರ್ಚ್ ಬಂತು ಅಂದ್ರೆ ರಿನ್ಯೂವಲ್ ಗಲಾಟೆ. ಅಲ್ಲಿ ಇಪ್ಪತ್ತು ಹಾಳೆ ಮುಂದಿಟ್ಟು, ಗುರುತು ಹಾಕಿರೋ ಕಡೆ ಸಹಿ ಮಾಡಿ ಅಂತಾರೆ. ಅದರಲ್ಲಿ ಈ ಪದ ಯಾವ ಹಾಳೇಲಿದೆ ಅಂತ ಹುಡುಕೋಕೆ ಯಾರಿಗೆ ಪುರುಸೊತ್ತು?

ನಾನು ಹದಿನೈದು ದಿನದಿಂದ ಸಿಕ್ಕಸಿಕ್ಕವರನ್ನೆಲ್ಲ ಈ ಪದದ ಅರ್ಥ ಕೇಳಿದೆ. ಹಾಲಿನ ಡೇರಿ ಹತ್ರ ಕೇಳಿದೆ, ಕೊಪ್ಪ ಸರ್ಕಲ್ಲಿನ ಟೀ ಅಂಗಡೀಲಿ ಕೇಳಿದೆ, ಮದ್ದೂರು ಕೋರ್ಟಿನ ಮುಂದೆ ಬಸ್ಸಿಗೆ ನಿಂತಿದ್ದವರನ್ನೂ ಕೇಳಿದೆ. ಪಿಯುಸಿ ಓದಿರೋ ಒಬ್ಬ ಹುಡುಗ ‘ಸೆವೆರಲ್ ಅಂದ್ರೆ ಹಲವಾರು, ಹಂಗಾದ್ರೆ ಸೆವೆರಲಿ ಅಂದ್ರೆ ಹಲವಾರು ಸಲ’ ಅಂದ. ನಾನು ಎಸ್ಸೆಸ್ಸೆಲ್ಸಿ ಓದುವಾಗ ನಮ್ಮ ಮೇಷ್ಟ್ರು ಕಲಿಸಿದ್ದೂ ಅದೇ ಸೆವೆರಲ್, ಅದೇ ಹಲವಾರು. ಹುಡುಗನದು ತಪ್ಪು ಅನ್ನೋಕಾಗಲ್ಲ. ಇನ್ನೊಬ್ಬರು ಅದನ್ನ ‘ಸಿವಿಯರ್ಲಿ’ ಅಂತ ಓದಿ, ‘ಕಟ್ಟದಿದ್ರೆ ಕಠಿಣ ಕ್ರಮ ತಗೋತೀವಿ ಅಂತ ಹೆದರಿಸೋಕೆ ಹಾಕಿರ್ತಾರೆ ಬುಡಣ್ಣ’ ಅಂದ್ರು. ಆ ಪದಕ್ಕೂ ಈ ಪದಕ್ಕೂ ಸಂಬಂಧವೇ ಇಲ್ಲ. ಆದ್ರೂ ಅವರ ಅರ್ಥ ನಿಜಕ್ಕೆ ಬಹಳ ದೂರ ಇಲ್ಲ ಅಂತ ನನಗೆ ನಗು ಬಂತು. ಮಿಕ್ಕವರೆಲ್ಲ, ಅಂದ್ರೆ ಮುಕ್ಕಾಲು ಪಾಲು ಜನ, ಹೇಳಿದ್ದು ಒಂದೇ: ‘ಮೂರು ಜನ ಜಾಮೀನು ನಿಂತಿದ್ರೆ ಮೂರು ಪಾಲು. ತಲಾ ಇಷ್ಟು ಅಂತ ಬರ್ತದೆ.’

ಇದೇ ಅಪಾಯದ ಅರ್ಥ. ಯಾಕೆ ಅಂತ ಹೇಳೋಕೆ ಮುಂಚೆ ಪದ ಎಲ್ಲಿಂದ ಬಂತು ನೋಡೋಣ. ಅದರ ಹುಟ್ಟು ನಮ್ಮ ಕಸುಬಿಗೆ ಹತ್ತಿರದ್ದು.

ನನ್ನ ಮಗಳು ಇಂಗ್ಲಿಷ್ ಎಂ.ಎ. ಮಾಡಿದ್ದಾಳೆ. ದೊಡ್ಡ ನಿಘಂಟು ತೆಗೆದು ವಿವರವಾಗಿ ಹೇಳಿದಳು. ಲ್ಯಾಟಿನ್ ಭಾಷೇಲಿ ‘ಸೆಪರಾರೆ’ ಅಂದ್ರೆ ಬೇರೆ ಮಾಡೋದು. ‘ಸೆ’ ಅಂದ್ರೆ ಬೇರೆಯಾಗಿ, ‘ಪರಾರೆ’ ಅಂದ್ರೆ ಅಣಿ ಮಾಡೋದು. ಅದರಿಂದ ‘ಸೆಪರೇಟ್’ ಬಂತು, ನಮಗೆಲ್ಲ ಗೊತ್ತು. ಅದೇ ಪದ ಫ್ರೆಂಚರ ಬಾಯಲ್ಲಿ ಸವೆದು ‘ಸೆವರ್’ ಆಯ್ತು, ಅಂದ್ರೆ ಕತ್ತರಿಸಿ ಬೇರೆ ಮಾಡೋದು. ಅದರ ಜೊತೆಯದೇ ‘ಸೆವೆರಲ್’. ಮೊದಲಿಗೆ ಅದರ ಅರ್ಥ ಹಲವಾರು ಅಂತ ಅಲ್ಲವೇ ಅಲ್ಲ, ‘ಬೇರೆಯಾದದ್ದು, ತನ್ನಷ್ಟಕ್ಕೆ ತಾನಿರೋದು’ ಅಂತ. ಬೇರೆಬೇರೆ ಅಂದ್ಮೇಲೆ ಒಂದಕ್ಕಿಂತ ಹೆಚ್ಚು ಇರಲೇಬೇಕಲ್ಲ? ಹಾಗೆ ‘ಬೇರೆಬೇರೆ’ ಅನ್ನೋದೇ ಬರ್ತಾ ಬರ್ತಾ ‘ಹಲವು’ ಆಯ್ತು. ನಾವೂ ‘ಬೇರೆಬೇರೆ ಊರಿಂದ ಜನ ಬಂದಿದ್ರು’ ಅಂದಾಗ ತುಂಬ ಊರಿಂದ ಅಂತಲೇ ಅರ್ಥ ತಾನೇ? ಊರಿನ ಮಾತಲ್ಲಿ ಪದ ಮುಂದಕ್ಕೆ ಹೋಯ್ತು, ಕೋರ್ಟಿನ ಕಾಗದದಲ್ಲಿ ಹಳೆ ಜಾಗದಲ್ಲೇ ಕೂತುಬಿಡ್ತು.

ಆ ಹಳೆ ಅರ್ಥಕ್ಕೆ ಹೊಲದಲ್ಲೂ ಒಂದು ಬಳಕೆ ಇತ್ತು. ಇಂಗ್ಲೆಂಡಿನಲ್ಲಿ ಹಿಂದೆ ಊರಿನ ಸುತ್ತ ದೊಡ್ಡ ಬಯಲು, ಬೇಲಿ ಇಲ್ಲ. ಅದರಲ್ಲಿ ಒಬ್ಬೊಬ್ಬರಿಗೆ ಅಲ್ಲೊಂದು ಪಟ್ಟಿ ಇಲ್ಲೊಂದು ಪಟ್ಟಿ. ಕೊಯ್ಲಾದ ಮೇಲೆ ಊರಿನ ದನವೆಲ್ಲ ಆ ಬಯಲಲ್ಲೇ ಮೇಯ್ತಿದ್ದವು. ಇಂಥ ಬಯಲಿಗೆ ‘ಚಾಂಪಿಯನ್’ ಅಂತಿದ್ರಂತೆ. ಬೇಲಿ ಹಾಕಿಕೊಂಡು, ಒಬ್ಬನೇ ಉತ್ತು, ಒಬ್ಬನೇ ಮೇಯಿಸಿಕೊಳ್ಳೋ ಜಮೀನಿಗೆ ‘ಸೆವೆರಲ್’ ಅಂತ ಹೆಸರು. ಥಾಮಸ್ ಟಸ್ಸರ್ ಅಂತ ಒಬ್ಬ ರೈತ ಇದ್ದ. 1557ರಲ್ಲಿ ಬೇಸಾಯದ ನೂರು ಮಾತು ಅನ್ನೋ ಹಾಗೆ ಪದ್ಯದ ಪುಸ್ತಕ ಬರೆದ, 1573ಕ್ಕೆ ಅದನ್ನ ಐನೂರು ಮಾತು ಮಾಡಿದ. ಅದರಲ್ಲಿ ಚಾಂಪಿಯನ್ ವಾಸಿನೋ ಸೆವೆರಲ್ ವಾಸಿನೋ ಅಂತ ಒಂದು ಹೋಲಿಕೆ ಇದೆ. ಬೇಲಿ ಹಾಕಿದ ಸೆವೆರಲ್ಲೇ ವಾಸಿ ಅನ್ನೋದು ಅವನ ವಾದ. ಇಷ್ಟೆಲ್ಲ ಬುದ್ಧಿ ಹೇಳಿದ ಆ ಮಹಾನುಭಾವ 1580ರಲ್ಲಿ ಸಾಯೋ ಹೊತ್ತಿಗೆ ಲಂಡನ್ನಿನಲ್ಲಿ ಸಾಲಕ್ಕೆ ಜೈಲಿನಲ್ಲಿದ್ದ. ಬೇಸಾಯದ ಪುಸ್ತಕ ಬರೆಯೋರ ಕಥೆ ಆ ಕಾಲದಲ್ಲೂ ಹಂಗೇ!

ಅಮೆರಿಕದಲ್ಲಿ ಇದೇ ಪದ ದೊಡ್ಡ ಅನಾಹುತಾನೇ ಮಾಡಿತು. ಅಲ್ಲಿನ ಮೂಲ ನಿವಾಸಿಗಳ ಜಮೀನು ಬುಡಕಟ್ಟಿಗೆಲ್ಲ ಒಟ್ಟಿಗೆ ಸೇರಿತ್ತು. 1887ರಲ್ಲಿ ಒಂದು ಕಾನೂನು ಮಾಡಿ ಅದನ್ನ ‘ಇನ್ ಸೆವೆರಲ್ಟಿ’, ಅಂದ್ರೆ ಒಬ್ಬೊಬ್ಬರ ಹೆಸರಿಗೆ ಬೇರೆಬೇರೆಯಾಗಿ, ಹಂಚಿದರು. ಹಂಚಿ ಮಿಕ್ಕಿದ್ದನ್ನ ಬೇರೆಯವರಿಗೆ ಬಿಟ್ಟರು. ಹಂಚಿಕೊಂಡವರಲ್ಲೂ ಎಷ್ಟೋ ಜನ ಮಾರಿಕೊಂಡರು. ಸುಮಾರು 13.8 ಕೋಟಿ ಎಕರೆ ಇದ್ದದ್ದು 1934ರ ಹೊತ್ತಿಗೆ 4.8 ಕೋಟಿ ಎಕರೆಗೆ ಇಳೀತು.

ನಮ್ಮಲ್ಲಿ ಇದಕ್ಕೆ ಸರಿಯಾದ ಮಾತು ಇದೆ. ಅಣ್ಣತಮ್ಮಂದಿರು ‘ಬೇರೆ ಆದರು’ ಅಂತೀವಿ. ನಾಲ್ಕು ಜನರ ಹೆಸರಿರೋದು ಜಂಟಿ ಪಹಣಿ, ಅದು ಜಾಯಿಂಟ್. ಸರ್ವೆಯವರು ಬಂದು ಅಳತೆ ಮಾಡಿ, ಪೋಡಿ ಆಗಿ, ಒಬ್ಬೊಬ್ಬರಿಗೆ ಒಂದೊಂದು ಹಿಸ್ಸಾ ನಂಬರು ಬಿದ್ದರೆ ಅದು ಸೆವೆರಲ್. ಪೋಡಿ ಆದಮೇಲೆ ನನ್ನ ಹಿಸ್ಸಾ ನನಗೆ, ನಿನ್ನದು ನಿನಗೆ. ನಿನ್ನ ಗದ್ದೆ ಬದು ಕಿತ್ತು ಹೋದ್ರೆ ನನಗೇನು?

ಜನ ಎಡವೋದು ಇಲ್ಲೇ. ಜಮೀನಿನ ಲೆಕ್ಕವನ್ನೇ ಸಾಲಕ್ಕೂ ಹಾಕ್ತಾರೆ. ‘ಪ್ರತ್ಯೇಕವಾಗಿ’ ಅಂತ ಓದಿದ ಕೂಡಲೇ ಪೋಡಿ ಮಾಡಿದ ಹಾಗೆ ಸಾಲವೂ ತುಂಡಾಗಿ ನನ್ನ ತುಂಡಿಗೆ ಮಾತ್ರ ನಾನು ಅಂದುಕೊಳ್ತಾರೆ. ಆದರೆ ಆ ಪತ್ರದಲ್ಲಿ ಬೇರೆ ಆಗೋದು ಸಾಲ ಅಲ್ಲ, ಮಾತು ಕೊಟ್ಟವರು. ಮೂರು ಜನ ಒಟ್ಟಿಗೆ ಒಂದು ಮಾತು ಕೊಟ್ಟಿದ್ದಾರೆ, ಅದು ಜಾಯಿಂಟ್ಲಿ. ಅದೇ ಉಸಿರಲ್ಲಿ, ಮೂರು ಜನರೂ ಬೇರೆಬೇರೆಯಾಗಿ ಪೂರ್ತಿ ಸಾಲಕ್ಕೆ ಒಂದೊಂದು ಮಾತು ಕೊಟ್ಟಿದ್ದಾರೆ, ಅದು ಸೆವೆರಲಿ. ಬ್ಯಾಂಕಿನವರು ಮೂವರನ್ನೂ ಒಟ್ಟಿಗೆ ಕೇಳಬಹುದು, ಇಬ್ಬರನ್ನ ಕೇಳಬಹುದು, ಒಬ್ಬನನ್ನೇ ಹಿಡಿದು ಪೂರ್ತಿ ಕೊಡು ಅನ್ನಬಹುದು. ಆಯ್ಕೆ ಅವರದ್ದು.

ಇಂಗ್ಲೆಂಡಿನವರು ಎರಡು ಪದ ಯಾಕೆ ಜೋಡಿಸಿದರು ಅಂದ್ರೆ, ಅವರ ಹಳೆ ಕಾನೂನಿನಲ್ಲಿ ಎರಡರಲ್ಲೂ ಸಾಲ ಕೊಟ್ಟವನಿಗೆ ಒಂದೊಂದು ತೊಂದರೆ ಇತ್ತು. ಬರೀ ‘ಜಾಯಿಂಟ್ಲಿ’ ಅಂತಿದ್ರೆ, ಸಾಲಗಾರರಲ್ಲಿ ಒಬ್ಬ ಸತ್ತರೆ ಅವನ ಆಸ್ತಿ ಬಿಡುಗಡೆ, ಹೊಣೆ ಎಲ್ಲ ಬದುಕಿದ್ದವರ ಮೇಲೆ. ಬರೀ ‘ಸೆವೆರಲಿ’ ಅಂತಿದ್ರೆ ಒಬ್ಬೊಬ್ಬ ತನ್ನ ಪಾಲಿಗಷ್ಟೇ ಅನ್ನೋ ವಾದಕ್ಕೆ ಜಾಗ. ಎರಡನ್ನೂ ಜೋಡಿಸಿದರೆ ಎರಡು ಕಿಂಡಿಯೂ ಬಂದ್. ಅಲ್ಲಿನ ಕೋರ್ಟುಗಳಲ್ಲಿ ನೂರಾರು ವರ್ಷ ಫ್ರೆಂಚ್ ಮತ್ತು ಲ್ಯಾಟಿನ್ ನಡೀತಿತ್ತು. ವಾದ ಇಂಗ್ಲಿಷಿನಲ್ಲಿ ನಡೀಬೇಕು ಅಂತ 1362ರಲ್ಲೇ ಕಾನೂನು ಬಂದರೂ, ದಾಖಲೆ ಪೂರ್ತಿ ಇಂಗ್ಲಿಷಿಗೆ ಬಂದದ್ದು 1733ರಲ್ಲಿ. ಭಾಷೆ ಬದಲಾಯ್ತು, ಪದಗಳು ಹಂಗೇ ಉಳಿದವು. ನಮ್ಮ ತಾಲ್ಲೂಕು ಕಚೇರೀಲಿ ಇವತ್ತಿಗೂ ತಹಶೀಲ್ದಾರ್, ಜಮಾಬಂದಿ ಅಂತ ಪಾರ್ಸಿ ಪದ ಇಲ್ವಾ, ಹಾಗೆ.

ನಮ್ಮ ದೇಶದಲ್ಲಿ ಇದನ್ನ ನೋಡಿಕೊಳ್ಳೋದು 1872ರ ಕರಾರು ಕಾಯ್ದೆ. ಬ್ರಿಟಿಷರು ಮಾಡಿದ್ದು, ಈಗಲೂ ಅದೇ ನಡೀತಿದೆ. ಅದರ 43ನೇ ಕಲಂ ಪ್ರಕಾರ, ಇಬ್ಬರು ಅಥವಾ ಹೆಚ್ಚು ಜನ ಜಂಟಿಯಾಗಿ ಮಾತು ಕೊಟ್ಟಿದ್ದರೆ, ಬೇರೆ ಥರ ಒಪ್ಪಂದ ಇಲ್ಲದಿದ್ದರೆ, ಅವರಲ್ಲಿ ಯಾರನ್ನಾದರೂ ಹಿಡಿದು ಪೂರ್ತಿ ವಸೂಲಿ ಮಾಡಬಹುದು. ಅಂದ್ರೆ ನಮ್ಮಲ್ಲಿ ‘ಸೆವೆರಲಿ’ ಪದ ಬರೆಯದೇ ಇದ್ದರೂ ಪರಿಣಾಮ ಹೆಚ್ಚುಕಮ್ಮಿ ಅದೇ! ಪದ ಇಲ್ಲ ಅಂತ ನಿಟ್ಟುಸಿರು ಬಿಡೋ ಹಂಗೂ ಇಲ್ಲ.

ಕಾಯ್ದೆಯಲ್ಲೇ ಕೊಟ್ಟಿರೋ ಉದಾಹರಣೆ ಇದೆ, ನಮಗೆ ಬೇಗ ತಲೆಗೆ ಹೋಗುತ್ತೆ. ಎ, ಬಿ, ಸಿ ಮೂರು ಜನ ಸೇರಿ ಡಿಗೆ 3,000 ರೂಪಾಯಿ ಕೊಡ್ತೀವಿ ಅಂತ ಒಪ್ಪಿದ್ದಾರೆ. ಡಿ ಈ ಮೂವರಲ್ಲಿ ಯಾರ ಹತ್ರ ಬೇಕಾದ್ರೂ 3,000ವನ್ನೂ ಕೇಳಬಹುದು. ಸಿ ಹತ್ರ ಪೂರ್ತಿ ವಸೂಲಿ ಆಯ್ತು ಅಂತಿಟ್ಕೊಳ್ಳಿ. ಎ ದಿವಾಳಿ, ಅವನ ಆಸ್ತಿ ಸಾಲದ ಅರ್ಧಕ್ಕೆ ಮಾತ್ರ ಸಾಲುತ್ತೆ. ಆಗ ಸಿಗೆ ಎ ಕಡೆಯಿಂದ 500, ಬಿ ಕಡೆಯಿಂದ 1,250 ಬರಬೇಕು. ಬಿ ತಲೆ ಮೇಲೆ 1,250 ಹೇಗೆ ಬಂತು? ತನ್ನ ಪಾಲು 1,000. ಎ ಕೊಡದೇ ಬಿಟ್ಟ 500ನ್ನ ಮಿಕ್ಕ ಇಬ್ಬರು ಸಮ ಹಂಚಿಕೊಂಡರೆ 250. ಎರಡೂ ಸೇರಿ 1,250. ‘ತಲಾ’ ಅನ್ನೋದು ಇಲ್ಲಿದೆ ನೋಡಿ. ನಮ್ಮ ಜನ ಹೇಳೋ ತಲಾ ಸುಳ್ಳಲ್ಲ, ಜಾಗ ಬೇರೆ. ಅದು ಜಾಮೀನುದಾರರು ತಮ್ಮತಮ್ಮಲ್ಲಿ ಮಾಡಿಕೊಳ್ಳೋ ಲೆಕ್ಕ, ಬ್ಯಾಂಕಿನ ಮುಂದೆ ನಡೆಯಲ್ಲ. ಜಾಮೀನುದಾರರ ತಮ್ಮತಮ್ಮಲ್ಲಿನ ಈ ಸಮಪಾಲು 146ನೇ ಕಲಮ್ಮಿನಲ್ಲಿದೆ.

ನಮ್ಮ ಮನೆತನದಲ್ಲೇ ಆದದ್ದು ಹೇಳ್ತೀನಿ. ನಮ್ಮ ಭಾವನವರು ಮದ್ದೂರು ತಾಲ್ಲೂಕಿನವರು. ಅವರೂ ಇನ್ನಿಬ್ಬರೂ ಸೇರಿ ಒಬ್ಬ ನೆಂಟನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ನಿಂತರು. ಬ್ಯಾಂಕಿನ ಹೆಸರು ಬೇಡ. ಎರಡು ವರ್ಷ ಕಂತು ಕಟ್ಟಿದ, ಆಮೇಲೆ ನಿಂತು ಹೋಯ್ತು. ಬಾಕಿ ಬಡ್ಡಿ ಸೇರಿ 4,80,000. ಭಾವನವರು ‘ನನ್ನ ಪಾಲು ಒಂದು ಲಕ್ಷದ ಅರವತ್ತು ಸಾವಿರ ತಾನೇ, ಏನೋ ಮಾಡಿ ಕಟ್ಟಾಕೋಣ’ ಅಂತ ಧೈರ್ಯವಾಗೇ ಇದ್ರು. ಆದರೆ ಹೆದ್ದಾರಿಗೆ ಹೋದ ಜಮೀನಿನ ಪರಿಹಾರದ ದುಡ್ಡು ಅದೇ ಶಾಖೆಯಲ್ಲಿ ಠೇವಣಿ ಇತ್ತು, ಮಗಳ ಮದುವೆಗೆ ಅಂತ ಇಟ್ಟಿದ್ದು. ಇನ್ನಿಬ್ಬರಲ್ಲಿ ಒಬ್ಬ ಇದ್ದದ್ದು ಮಾರಿ ಬೆಂಗಳೂರು ಸೇರಿದ್ದ. ಇನ್ನೊಬ್ಬರದ್ದು ನಾಲ್ಕು ಜನರ ಜಂಟಿ ಪಹಣಿ, ಅದನ್ನ ಹರಾಜಿಗೆ ತರೋದು ವರ್ಷಗಟ್ಟಲೆ ಕೆಲಸ. ಬ್ಯಾಂಕಿನವರು ಯಾರನ್ನ ಹಿಡೀತಾರೆ? ಠೇವಣಿಯಿಂದ 4,80,000ವನ್ನೂ ಮುರುಕೊಂಡರು. ಭಾವನವರು ಹೋಗಿ ಕೇಳಿದ್ರೆ ಅಲ್ಲಿನ ಅಧಿಕಾರಿ ಪತ್ರ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟರಂತೆ. ಭಾವ ಮನೆಗೆ ಬಂದು ಅಕ್ಕನಿಗೆ ಮೂರು ದಿನ ಹೇಳಲಿಲ್ಲ.

‘ಮೊದಲು ಸಾಲಗಾರನ ಹತ್ರ ವಸೂಲಿ ಮಾಡ್ಲಿ, ಟ್ರ್ಯಾಕ್ಟರ್ ಜಪ್ತಿ ಮಾಡ್ಲಿ, ಆಮೇಲೆ ಜಾಮೀನುದಾರನ ಹತ್ರ ಬರ್ಲಿ’ ಅಂತ ಊರೆಲ್ಲ ಅಂದ್ರು. ನ್ಯಾಯದ ಮಾತೇ. ಕಾನೂನು ಹಂಗಿಲ್ಲ. 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಥರ ಬರೆಯದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಇದೇ ಪ್ರಶ್ನೆ ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ್ ಪ್ರಸಾದ್ ಅನ್ನೋ ಕೇಸಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೆಳಗಿನ ಕೋರ್ಟು, ಮೊದಲು ಸಾಲಗಾರನ ಬೆನ್ನು ಹತ್ತಿ ಮುಗಿಸಿ, ಆಮೇಲೆ ಜಾಮೀನುದಾರನ ಹತ್ರ ಬನ್ನಿ ಅಂತ ಷರತ್ತು ಹಾಕಿತ್ತು. 1968ರಲ್ಲಿ ಸುಪ್ರೀಂ ಕೋರ್ಟು ಆ ಷರತ್ತು ತೆಗೆದು ಹಾಕಿತು. ಸಾಲಗಾರ ಕೊಡದಿದ್ದಾಗ ತಕ್ಷಣ ದುಡ್ಡು ಸಿಗಲಿ ಅಂತಲೇ ಜಾಮೀನು ತಗೊಳ್ಳೋದು, ಕಾಯಿಸೋ ಹಂಗಿದ್ರೆ ಜಾಮೀನು ಯಾಕೆ ಅನ್ನೋದು ಅದರ ತಾತ್ಪರ್ಯ. ಕೇಳೋಕೆ ಕಹಿ. ಸಾಲ ಕೊಟ್ಟವನ ಜಾಗದಲ್ಲಿ ನಿಂತು ನೋಡಿದ್ರೆ ತಪ್ಪು ಅನ್ನೋಕೂ ಆಗಲ್ಲ.

ಭಾವನವರು ಅಲ್ಲಿಗೆ ಕೈ ಚೆಲ್ಲಿ ಕೂರಲಿಲ್ಲ, ಅದಕ್ಕೇ ಇದನ್ನ ಬರೀತಿರೋದು. ಮದ್ದೂರಿನ ಒಬ್ಬ ವಕೀಲರು ದಾರಿ ಹೇಳಿದರು. ಜಾಮೀನುದಾರ ಪೂರ್ತಿ ಕಟ್ಟಿದ ಮೇಲೆ ಬ್ಯಾಂಕಿಗೆ ಏನೇನು ಹಕ್ಕಿತ್ತೋ ಅದೆಲ್ಲ ಅವನಿಗೆ ಬರುತ್ತೆ, ಅದು 140ನೇ ಕಲಂ. ಸಾಲಕ್ಕೆ ಬ್ಯಾಂಕು ಏನು ಆಧಾರ ಇಟ್ಟುಕೊಂಡಿತ್ತೋ ಅದರ ಲಾಭವೂ ಅವನದ್ದೇ, ಅದು 141. ಅಂದ್ರೆ ಟ್ರ್ಯಾಕ್ಟರ್ ಮೇಲಿನ ಹಕ್ಕು. ಸಾಲಗಾರನಿಂದ ಕಟ್ಟಿದ ದುಡ್ಡು ವಾಪಸ್ ಕೇಳೋ ಹಕ್ಕು 145ರಲ್ಲಿದೆ. ಬ್ಯಾಂಕಿಗೆ ಬರವಣಿಗೇಲಿ ಅರ್ಜಿ ಕೊಟ್ಟು, ಪೂರ್ತಿ ಕಟ್ಟಿದ್ದಕ್ಕೆ ಪತ್ರ ಇಸ್ಕೊಂಡು, ನೆಂಟರನ್ನ ಕೂರಿಸಿ ಮಾತಾಡಿ ಟ್ರ್ಯಾಕ್ಟರ್ ಮಾರಿಸಿದರು. 2,10,000 ಬಂತು. ಮಿಕ್ಕಿದ್ದು 2,70,000, ಮೂರು ಪಾಲಾದ್ರೆ ತಲಾ 90,000. ಜಂಟಿ ಪಹಣಿಯವರು ಮರ್ಯಾದಸ್ಥರು, ಎರಡು ಕಬ್ಬಿನ ಬಿಲ್ಲಿನಲ್ಲಿ 90,000 ತೀರಿಸಿದರು. ಬೆಂಗಳೂರಿನವನು ಫೋನೇ ಎತ್ತಲ್ಲ. ಅವನ 90,000ದಲ್ಲಿ ಅರ್ಧ 45,000ವನ್ನ ಜಂಟಿ ಪಹಣಿಯವರ ಹತ್ರ ಕೇಳಬಹುದು ಅಂತ ವಕೀಲರು ಅಂದ್ರು. ಭಾವ ಕೇಳಲಿಲ್ಲ. ‘ಆ ಮನುಷ್ಯ ಕೊಟ್ಟಿದ್ದೇ ದೊಡ್ಡದು, ಇನ್ನೂ ಎಂಗ್ ಕೇಳ್ಲಿ’ ಅಂದ್ರು. ಈವತ್ತಿನ ಲೆಕ್ಕಕ್ಕೆ ಅವರ ಕೈಯಿಂದ ಹೋಗಿರೋದು 1,80,000. ಮದುವೆ ಒಂದು ವರ್ಷ ಮುಂದಕ್ಕೆ ಹೋಗಿ, ಹೋದ ವೈಶಾಖದಲ್ಲಿ ಆಯ್ತು.

ಈಗ ಕನ್ನಡದ ‘ಪ್ರತ್ಯೇಕ’ಕ್ಕೆ ಬರ್ತೀನಿ. ಮೊದಮೊದಲು ನಾನು ಅನುವಾದ ಮಾಡಿದವರನ್ನ ಬೈಕೊಂಡಿದ್ದೆ, ಎಂಥಾ ಪದ ಹಾಕಿದ್ದಾರಪ್ಪ ಅಂತ. ಆದರೆ ಬಿಡಿಸಿ ನೋಡಿ: ಪ್ರತಿ, ಏಕ. ಪ್ರತಿ ಒಬ್ಬ. ಅದರ ಮೂಲ ಅರ್ಥ ‘ಒಬ್ಬೊಬ್ಬನೂ’ ಅಂತಲೇ. ಸೆವೆರಲಿಗೆ ಇದಕ್ಕಿಂತ ಸರಿಯಾದ ಪದ ಸಿಗೋದು ಕಷ್ಟ. ಆದರೆ ನಮ್ಮ ಬಾಯಲ್ಲಿ ‘ಪ್ರತ್ಯೇಕ’ ಅಂದ್ರೆ ಬೇರೆ ಇಟ್ಟದ್ದು ಅಂತಾಗಿದೆ. ಪ್ರತ್ಯೇಕ ರೂಮು, ಪ್ರತ್ಯೇಕ ಮೀಟರು. ಅಲ್ಲಿ ಇಂಗ್ಲಿಷಿನವರ ‘ಬೇರೆ’ ಹೋಗಿ ‘ಹಲವು’ ಆಯ್ತು, ಇಲ್ಲಿ ನಮ್ಮ ‘ಒಬ್ಬೊಬ್ಬ’ ಹೋಗಿ ‘ಬೇರೆ’ ಆಯ್ತು. ಎರಡೂ ಕಡೆ ಹಳೆ ಅರ್ಥ ಉಳಿದಿರೋದು ಸಾಲದ ಪತ್ರದಲ್ಲಿ. ನನ್ನ ಕೇಳಿದ್ರೆ ‘ನಮ್ಮಲ್ಲಿ ಒಬ್ಬೊಬ್ಬರೂ ಪೂರ್ತಿ ಸಾಲಕ್ಕೆ ಹೊಣೆ’ ಅಂತ ಅಚ್ಚು ಹಾಕಿಸಬೇಕು. ಹೆಬ್ಬೆಟ್ಟು ಒತ್ತೋರಿಗೆ ಓದಿ ಹೇಳಿದ್ರೂ ಅರ್ಥ ಆಗುತ್ತೆ. ಎಷ್ಟೋ ಜನ ಎದ್ದು ಹೋದಾರು, ಅದು ಬೇರೆ ಮಾತು.

ಹೊಣೆ ಅನ್ನೋದು ನಮ್ಮ ಹಳೇ ಪದ. ಹಳಗನ್ನಡದಲ್ಲಿ ‘ಪೊಣೆ’, ತಮಿಳಿನಲ್ಲಿ ‘ಪುಣೈ’. ಜಾಮೀನು ಅರಬ್ಬಿಯಿಂದ ಪಾರ್ಸಿಗೆ ಹೋಗಿ ನಮಗೆ ಬಂದದ್ದು. ‘ಜಾಮೀನು ನಿಂತೆ’ ಅಂದ್ರೆ ಯಾರೋ ಪಕ್ಕದಲ್ಲಿ ಸುಮ್ಮನೆ ನಿಂತ ಹಾಗೆ ಕೇಳುತ್ತೆ. ‘ಹೊಣೆ ಹೊತ್ತೆ’ ಅಂದ್ರೆ ತಲೆ ಮೇಲೆ ಮೂಟೆ ಇದೆ ಅನ್ನೋದು ಗೊತ್ತಾಗುತ್ತೆ.

ನಮ್ಮ ಹೆಣ್ಣುಮಕ್ಕಳಿಗೆ ಈ ಪದ ಗೊತ್ತಿಲ್ಲದೇ ಇರಬಹುದು, ಅದರ ರುಚಿ ನಮಗಿಂತ ಚೆನ್ನಾಗಿ ಗೊತ್ತು. ಮಳವಳ್ಳಿ ಕಡೆ, ನಮ್ಮ ಕಡೆ ಯಾವ ಊರಿಗೆ ಹೋದರೂ ವಾರದ ಸಂಘ ಇದೆ. ಜಂಟಿ ಹೊಣೆಗಾರಿಕೆ ಗುಂಪು ಅಂತ ಅದರ ಹೆಸರು, ನಬಾರ್ಡ್ ಪದ್ಧತಿಯಲ್ಲಿ 4ರಿಂದ 10 ಜನ. ಹೆಸರಲ್ಲಿ ಜಂಟಿ ಮಾತ್ರ ಇದೆ. ಒಬ್ಬಳು ಕಂತು ತರಲಿಲ್ಲ ಅಂದ್ರೆ ಮಿಕ್ಕವರು ಸೇರಿಸಿ ಕೊಡೋವರೆಗೂ ಏಳೋ ಹಾಗಿಲ್ಲ. ಒಂದು ಸಲ ನಮ್ಮ ಬೀದೀಲೇ ಒಬ್ಬ ಹೆಣ್ಣುಮಗಳು ರಾತ್ರೋರಾತ್ರಿ ಊರು ಬಿಟ್ಟಳು. ನಾಲ್ಕು ಜನ ಹೆಂಗಸರು ಕೂಲಿ ದುಡ್ಡಲ್ಲಿ ಅವಳ ಕಂತನ್ನ ಏಳು ತಿಂಗಳು ಕಟ್ಟಿದರು. 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದದ್ದು ಮೈಕ್ರೋ ಫೈನಾನ್ಸಿನವರು ಮನೆ ಮುಂದೆ ಬಂದು ಬೆದರಿಸಿ ಬಲವಂತದ ವಸೂಲಿ ಮಾಡೋದನ್ನ ತಡೆಯೋಕೆ. ಅದು ಒಳ್ಳೇದೇ. ಆದರೆ ‘ಗುಂಪಿನ ಹೊಣೆ ಎಲ್ಲ ಹೋಯ್ತಂತೆ’ ಅಂತ ಊರಲ್ಲಿ ಹಬ್ಬಿದೆಯಲ್ಲ, ಹಾಗೆ ತಿಳ್ಕೊಂಡು ಹೊಸದಾಗಿ ಯಾರಿಗೂ ಸಹಿ ಹಾಕಬೇಡಿ.

ತುಂಬ ಜನ ಕೇಳೋದು ಇನ್ನೊಂದು: ಅಪ್ಪ ಜಾಮೀನು ಹಾಕಿ ತೀರಿಕೊಂಡರೆ ಮಕ್ಕಳು ಕಟ್ಟಬೇಕಾ? ಅಪ್ಪ ಬದುಕಿದ್ದಾಗ ಕೊಟ್ಟಿದ್ದ ಸಾಲಕ್ಕೆ, ಅಪ್ಪನಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಹೊಣೆ ಬರುತ್ತೆ. ಮಕ್ಕಳು ಸ್ವಂತ ದುಡಿದು ತಗೊಂಡ ಸೈಟಿಗೆ ಕೈ ಹಾಕೋ ಹಾಗಿಲ್ಲ. ಆದರೆ ನಮ್ಮಲ್ಲಿ ಬಹುಪಾಲು ಮಕ್ಕಳಿಗೆ ಇರೋದು ಅಪ್ಪನಿಂದ ಬಂದ ಜಮೀನೇ.

ಮುಂದೆ ಜಾಮೀನು ಹಾಕೋರು ಇಷ್ಟು ನೋಡ್ಕೊಳ್ಳಿ. 128ನೇ ಕಲಮ್ಮಿನಲ್ಲೇ ‘ಬೇರೆ ಥರ ಬರೆಯದಿದ್ದರೆ’ ಅಂತ ಇದೆ ಅಂದೆನಲ್ಲ, ಬಾಗಿಲು ಇರೋದು ಅಲ್ಲೇ. ‘ನನ್ನ ಹೊಣೆ ಇಷ್ಟು ರೂಪಾಯಿಗೆ ಮಾತ್ರ’ ಅಂತ ಪತ್ರದಲ್ಲೇ ಬರೆಸಬಹುದು. ಕಾನೂನು ಬೇಡ ಅನ್ನಲ್ಲ, ಬ್ಯಾಂಕು ಒಪ್ಪಬೇಕು. ಅಚ್ಚಾದ ಫಾರಂ ತಿದ್ದೋಕೆ ಬರಲ್ಲ ಅಂತ ಮೊದಲು ಹೇಳೇ ಹೇಳ್ತಾರೆ, ಮೇಲಿನವರನ್ನ ಕೇಳಿ ಅನ್ನಿ. ಸಹಿ ಹಾಕಿದ ಪತ್ರದ ನಕಲು ಅವತ್ತೇ ಇಸ್ಕೊಳ್ಳಿ. ಪ್ರತಿ ವರ್ಷ ತೆಗೆದು ಕಟ್ಟಿ ಮಾಡೋ ಸಾಲಕ್ಕೆ ಜಾಮೀನು ಹಾಕಿದ್ರೆ, ಇನ್ನು ಮುಂದೆ ಕೊಡೋದಕ್ಕೆ ನಾನು ಹೊಣೆ ಅಲ್ಲ ಅಂತ ನೋಟಿಸು ಕೊಟ್ಟು ನಿಲ್ಲಿಸಬಹುದು, 130ನೇ ಕಲಂ. ಅಲ್ಲಿವರೆಗೆ ಆಗಿರೋ ಸಾಲದ್ದು ತಪ್ಪಲ್ಲ. ನಿಮ್ಮನ್ನ ಕೇಳದೆ ಸಾಲದ ಷರತ್ತು ಬದಲಾಯಿಸಿದರೆ, ಆ ಬದಲಾವಣೆ ಆದಮೇಲಿನ ವ್ಯವಹಾರಕ್ಕೆ ನಿಮ್ಮ ಹೊಣೆ ಬಿಡುಗಡೆ ಅಂತ 133ರಲ್ಲಿದೆ. ಆದರೆ ‘ಏನು ಬದಲಾಯಿಸಿದರೂ ನನ್ನ ಒಪ್ಪಿಗೆ ಇದೆ’ ಅಂತ ಅದೇ ಇಪ್ಪತ್ತು ಹಾಳೇಲಿ ಎಲ್ಲೋ ಸೇರಿಸಿರ್ತಾರೆ, ಅದನ್ನೂ ಹುಡುಕಿ. ಬ್ಯಾಂಕು ಜೊತೆಗಿರೋ ಒಬ್ಬ ಜಾಮೀನುದಾರನನ್ನ ಬಿಟ್ಟುಬಿಟ್ಟರೆ ನೀವೂ ಬಿಡುಗಡೆ ಅಂದ್ಕೋಬೇಡಿ, 138ರ ಪ್ರಕಾರ ಹಾಗಾಗಲ್ಲ. ಜೊತೆಯಲ್ಲಿ ಯಾರು ನಿಂತಿದ್ದಾರೆ ಅನ್ನೋದು ಸಾಲ ಯಾರದು ಅನ್ನೋದರಷ್ಟೇ ಮುಖ್ಯ. ಮೂವರಲ್ಲಿ ಕೈಗೆ ಬೇಗ ಸಿಗೋ ಆಸ್ತಿ ನಿಮ್ಮದೊಂದೇ ಆಗಿದ್ರೆ, ಬ್ಯಾಂಕಿನ ಕಣ್ಣಿಗೆ ಜಾಮೀನುದಾರ ನೀವೊಬ್ಬರೇ.

ಇಷ್ಟೆಲ್ಲ ಹುಡುಕಿದ್ದಕ್ಕೆ ಕಾರಣ ಇದೆ. ನಮ್ಮ ಪಕ್ಕದ ಗದ್ದೆಯವರ ಮಗ ಬೆಂಗಳೂರು ಕೆಲಸ ಬಿಟ್ಟು ಬಂದು ಹತ್ತು ಹಸು ಕಟ್ತೀನಿ ಅಂತಿದ್ದಾನೆ. ಹುಡುಗ ಕೆಲಸಗಾರ, ಕೆಟ್ಟ ಚಟ ಇಲ್ಲ, ಮೇವಿಗೆ ಆಗಲೇ ಅರ್ಧ ಎಕರೆ ನೇಪಿಯರ್ ಹಾಕಿದ್ದಾನೆ. ‘ದೊಡ್ಡಪ್ಪ, ನೀವು ಒಂದು ಸಹಿ ಹಾಕ್ಬೇಕು’ ಅಂತ ಬಂದ. ಇವನ ಅಪ್ಪ ನಮ್ಮ ನಾಟಿಗೆ, ಸಾವುನೋವಿಗೆ ಆದವರು. ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ, ಆಯ್ತು ಅನ್ನೋಕೆ ಭಾವನ ಮುಖ ಕಣ್ಣಮುಂದೆ ಬಂತು. ಪತ್ರದ ನಕಲು ತಗೊಂಡು ಬಾ ಅಂದೆ. ಎರಡನೇ ಹಾಳೆ ಕೆಳಗಡೆ ಇತ್ತು, ‘ಜಾಯಿಂಟ್ಲಿ ಅಂಡ್ ಸೆವೆರಲಿ’. ಜೊತೆಗೆ ಇನ್ನೊಬ್ಬರು ಜಾಮೀನು, ಅವರಿಗೆ ಎಪ್ಪತ್ತೆರಡು ವರ್ಷ, ಜಮೀನು ಆಗಲೇ ಮಕ್ಕಳ ಹೆಸರಿಗೆ ಆಗಿದೆ.

ಹುಡುಗನಿಗೆ ಎದುರಿಗೆ ಕೂರಿಸಿ ಎಲ್ಲ ಹೇಳಿದೆ. ಸಾಲ ಆರು ಲಕ್ಷ. ನನ್ನ ಹೊಣೆ ಬಡ್ಡಿಯೂ ಸೇರಿ ಎರಡು ಲಕ್ಷಕ್ಕೆ ಮಾತ್ರ ಅಂತ ಬ್ಯಾಂಕು ಬರೆದುಕೊಟ್ಟರೆ ಸಹಿ ಹಾಕ್ತೀನಿ, ಹಸುಗಳಿಗೆ ವಿಮೆ ಮಾಡಿಸಿದ ಚೀಟಿ ನನಗೂ ಒಂದು ನಕಲು ಬೇಕು ಅಂದೆ. ಅವನು ಬೇಜಾರು ಮಾಡ್ಕೊಳ್ಳಲಿಲ್ಲ, ‘ಕೇಳ್ ನೋಡ್ತೀನಿ ದೊಡ್ಡಪ್ಪ’ ಅಂದ. ಅವರ ಅಮ್ಮ ಮಾತ್ರ ಎರಡು ದಿನದಿಂದ ನಮ್ಮ ಮನೆ ಕಡೆ ಮೊಸರು ಕೇಳೋಕೆ ಬಂದಿಲ್ಲ. ಶಾಖೆಯವರು ಮೇಲಿನ ಕಚೇರಿಗೆ ಕಳಿಸಿದ್ದೀವಿ, ಗುರುವಾರ ಇಬ್ಬರೂ ಬನ್ನಿ ಅಂದಿದ್ದಾರೆ.

ನಿಮ್ಮಲ್ಲಿ ಯಾರಾದ್ರೂ ಹೊಣೆಗೆ ಮಿತಿ ಬರೆಸಿಕೊಂಡು ಜಾಮೀನು ಹಾಕಿದವರು ಇದ್ರೆ, ಯಾವ ಸಾಲಕ್ಕೆ, ಪತ್ರದಲ್ಲಿ ಏನಂತ ಬರೆದುಕೊಟ್ರು ಅನ್ನೋದನ್ನ ಗುರುವಾರದೊಳಗೆ ತಿಳಿಸಿ.